ವಾಡಿ ಹಾದಿಯ ಸಂಕೇತಗಳು: ತಂತಿಯಿಂದ ಗಾಜಿನ ಎಳೆಗೆ

ಹೈದರಾಬಾದಿನ ನಾಂಪಲ್ಲಿಯಿಂದ ಮುಂಬೈಗೆ ಹೊರಡುವ ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ ವಾಡಿ ಜಂಕ್ಷನ್ ಮುಟ್ಟಲು ಮೂರು ಗಂಟೆಯ ಆಸುಪಾಸು ಹಿಡಿಯುತ್ತದೆ. ಇನ್ನೂರು ಕಿಲೋಮೀಟರಿಗೆ ತುಸು ಕಡಿಮೆಯಿರುವ ಆ ದೂರವನ್ನು ಗಾಜಿನ ಎಳೆಯೊಳಗಿನ ಬೆಳಕು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ದಾಟಿಬಿಡುತ್ತದೆ. 1984ರಲ್ಲಿ ಐಎಸ್‌ಒ ಪ್ರಕಟಿಸಿದ ಗಣಕ ಜಾಲದ ಮಾದರಿಯಲ್ಲಿ ಏಳು ಪದರಗಳಿವೆ. ಆ ಬೆಳಕು ಸೇರುವುದು ತೀರ ತಳದಲ್ಲಿರುವ ಭೌತಿಕ ಪದರಕ್ಕೆ. ಅಲ್ಲಿ ಪತ್ರವೂ ಇಲ್ಲ, ಚಿತ್ರವೂ ಇಲ್ಲ. ವೋಲ್ಟೇಜು, ಬೆಳಕು, ರೇಡಿಯೊ ತರಂಗ ಇಷ್ಟೇ. ಈ ಪದರದ ಚರಿತ್ರೆಯನ್ನು ಕಂಪ್ಯೂಟರಿನಿಂದ ಶುರುಮಾಡುವುದು ರೂಢಿ. ರೈಲುಹಾದಿಯನ್ನು ಆಧಾರವಾಗಿಟ್ಟುಕೊಂಡರೆ ಅದು ನೂರು ವರ್ಷಕ್ಕೂ ಹಿಂದೆ ಸರಿಯುತ್ತದೆ. ಹೊಸ ಮಾಧ್ಯಮ ಬಂದ ಮಾತ್ರಕ್ಕೆ ಹಳೆಯದು ಪೂರ್ತಿ ತೊಲಗಲಿಲ್ಲ ಎಂಬುದೂ ಇಲ್ಲೇ ಸ್ಪಷ್ಟವಾಗುತ್ತದೆ.

ಮುಂಬೈ–ರಾಯಚೂರು ಮಾರ್ಗದ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿದ್ದು 1874ರಲ್ಲಿ. ನಾಂಪಲ್ಲಿಯ ನಿಲ್ದಾಣ ಕಟ್ಟಿದ್ದು 1907ರಲ್ಲಿ. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು, ವಿಕಾರಾಬಾದ್ ಎಲ್ಲವೂ ಆಗ ಒಂದೇ ಸಂಸ್ಥಾನದ ಊರುಗಳು. 1956ರ ಭಾಷಾವಾರು ವಿಂಗಡಣೆಯಲ್ಲಿ ರಾಜ್ಯಗಳ ಗಡಿ ಹಾದಿಯ ನಡುವೆ ಬಂತು. ಹಳಿ ಮಾತ್ರ ಇದ್ದಲ್ಲೇ ಇತ್ತು.

ಒಂಟಿ ಹಳಿಯ ಮೇಲೆ ರೈಲು ನಡೆಸುವವರಿಗೆ ಬೇಕಾದ ಮಾಹಿತಿ ಒಂದೇ: ಮುಂದಿನ ಸ್ಟೇಷನ್‌ವರೆಗಿನ ಹಾದಿ ಖಾಲಿ ಇದೆಯೋ ಇಲ್ಲವೋ. ಇವತ್ತಿನ ಲೆಕ್ಕದಲ್ಲಿ ಅದು ಒಂದೇ ಒಂದು ಬಿಟ್. ಅದನ್ನು ಸಾಗಿಸುವ ಬಗೆಗೆ ಒಳ್ಳೆಯ ಉದಾಹರಣೆ, ಭಾರತದ ಒಂಟಿ ಹಳಿಗಳಲ್ಲಿ ದಶಕಗಟ್ಟಲೆ ನಡೆದ ನೀಲ್ಸ್ ಬಾಲ್ ಟೋಕನ್ ಯಂತ್ರ. ಎರಡು ಸ್ಟೇಷನ್ನುಗಳಲ್ಲಿ ಜೋಡಿ ಯಂತ್ರ, ನಡುವೆ ತಂತಿ. ಆಚೆಯ ಸ್ಟೇಷನ್ ಮಾಸ್ಟರ್ ಒಪ್ಪಿ ವಿದ್ಯುತ್ ಕಳಿಸಿದರೆ ಮಾತ್ರ ಈಚೆಯ ಯಂತ್ರದಿಂದ ಒಂದು ಉಕ್ಕಿನ ಚೆಂಡು ಹೊರಬರುತ್ತದೆ. ಚೆಂಡನ್ನು ಚೀಲಕ್ಕೆ ಹಾಕಿ, ದೊಡ್ಡ ಬಳೆಯಂಥ ಹಿಡಿಗೆ ಕಟ್ಟಿ ಚಾಲಕನ ಕೈಗೆ ಕೊಡುತ್ತಾರೆ. ಅದು ಮುಂದಿನ ಸ್ಟೇಷನ್ನಿನ ಯಂತ್ರದೊಳಗೆ ಬೀಳುವವರೆಗೆ ಎರಡೂ ಕಡೆ ಇನ್ನೊಂದು ಚೆಂಡು ಈಚೆ ಬರದು. ತಂತಿಯ ಮೇಲಿನ ಸಂಕೇತಕ್ಕೆ ಕೈಗೆ ಸಿಗುವ ಸಾಕ್ಷಿಯನ್ನು ಬೆಸೆದ ವ್ಯವಸ್ಥೆ ಇದು.

ಆ ಕಾಲದ ತಂತಿ ಸಂಪರ್ಕಗಳಲ್ಲಿ ವಿದ್ಯುತ್ತಿನ ಮರುದಾರಿ ಅನೇಕ ಕಡೆ ನೆಲವೇ ಆಗಿತ್ತು. 1838ರಲ್ಲಿ ಜರ್ಮನಿಯ ಸ್ಟೈನ್‌ಹೈಲ್ ತೋರಿಸಿದ ಉಪಾಯ ಅದು: ಒಂದು ತಂತಿ ಕಂಬದ ಮೇಲೆ, ಎರಡನೆಯದರ ಬದಲು ಎರಡೂ ತುದಿಯಲ್ಲಿ ಹೂತ ಲೋಹದ ತಟ್ಟೆ. ಅರ್ಧ ತಂತಿ ಉಳಿತಾಯ. ಆದರೆ ಮಣ್ಣು ಒಣಗಿದರೆ ಪ್ರತಿರೋಧ ಏರಿ ಸಂಕೇತ ಸೊರಗುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹೊಯ್ಯುವುದು ಸಿಬ್ಬಂದಿಯ ಕೆಲಸಗಳಲ್ಲೊಂದು. ತೆಳುಮಣ್ಣಿನ ಕೆಳಗೆ ಬಂಡೆಯೇ ಇರುವ ದಖ್ಖನಿನ ನೆಲದಲ್ಲಿ ಇದು ಸಣ್ಣ ಮಾತಲ್ಲ.

ಅಮೆರಿಕದ ವಿಲಿಯಂ ರಾಬಿನ್ಸನ್ 1872ರಲ್ಲಿ ಪೇಟೆಂಟ್ ಪಡೆದ ಟ್ರ್ಯಾಕ್ ಸರ್ಕ್ಯೂಟ್ ಹಳಿಯನ್ನೇ ತಂತಿ ಮಾಡಿತು. ಒಂದು ತುದಿಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ವಿದ್ಯುತ್ ಇರುವವರೆಗೆ ಹಿಡಿದಿರುವ ಸ್ವಿಚ್ಚು, ಅಂದರೆ ರಿಲೇ. ಗಾಡಿ ಬಂದಾಗ ಗಾಲಿಯ ಅಚ್ಚು ಎರಡು ಹಳಿಗಳನ್ನು ಜೋಡಿಸಿ ವಿದ್ಯುತ್ತನ್ನು ಅಲ್ಲಿಂದಲೇ ತಿರುಗಿಸುತ್ತದೆ. ರಿಲೇಯ ಹಿಡಿತ ಬಿಟ್ಟು ಸಿಗ್ನಲ್ ಕೆಂಪಾಗುತ್ತದೆ. ತಂತಿ ತುಂಡಾದರೂ, ಬ್ಯಾಟರಿ ಸತ್ತರೂ ಫಲ ಅದೇ ಕೆಂಪು. ಕೆಟ್ಟಾಗ ಸುರಕ್ಷಿತವಾಗಿ ಕೆಡಬೇಕೆಂಬ ಈ ನಿಯಮದ ಮೇಲೆ ರೈಲ್ವೆ ಸಿಗ್ನಲ್ ವಿದ್ಯೆ ನಿಂತಿದೆ. ಆದರೆ ಭಾರತದ ಅನೇಕ ಮಾರ್ಗಗಳಲ್ಲಿ ಹಳಿಯಡಿಯ ಸ್ಲೀಪರುಗಳು ಕಬ್ಬಿಣದವಾಗಿದ್ದವು; ಎರಡು ಹಳಿಗಳ ನಡುವೆ ವಿದ್ಯುತ್ ಅವುಗಳ ಮೂಲಕವೇ ಸೋರುತ್ತಿತ್ತು. ಆಕ್ಸಲ್ ಕೌಂಟರ್ ಇಲ್ಲಿ ಹೆಚ್ಚು ಬಳಕೆಗೆ ಬಂದದ್ದಕ್ಕೆ ಇದೊಂದು ಕಾರಣ. ಅದು ಒಳಹೋದ ಅಚ್ಚುಗಳನ್ನು ಎಣಿಸಿ, ಹೊರಬಂದವುಗಳ ಲೆಕ್ಕದ ಜತೆ ತಾಳೆ ನೋಡುತ್ತದೆ.

ಹಳಿಯ ಮೇಲೆ 25 ಸಾವಿರ ವೋಲ್ಟಿನ ವಿದ್ಯುತ್ ತಂತಿ ಬಂದದ್ದು ಇನ್ನೊಂದು ತಿರುವು. ಅದರ ಪಕ್ಕಕ್ಕೇ ಸಾಗುವ ದೂರಸಂಪರ್ಕದ ತಂತಿಯಲ್ಲಿ ಬೇಡದ ವೋಲ್ಟೇಜು ಹುಟ್ಟಿಕೊಳ್ಳುತ್ತದೆ. ಹಾಗಾಗಿ ಕಂಬದ ಮೇಲಿನ ತಂತಿಗಳು ನೆಲದೊಳಗಿನ ಕೇಬಲ್ಲಿಗೆ ಜಾಗ ಬಿಟ್ಟವು. ತಾಮ್ರದ ಎರಡು ಎಳೆಗಳನ್ನು ಹೊಸೆದರೆ ಎರಡರಲ್ಲೂ ಸಮನಾಗಿ ಸೇರುವ ಗದ್ದಲ ಒಂದನ್ನೊಂದು ಬಹುಮಟ್ಟಿಗೆ ಅಳಿಸುತ್ತದೆ. ಆಫೀಸಿನ ಲ್ಯಾನ್ ಕೇಬಲ್ಲಿನ ಗುಟ್ಟೂ ಅದೇ.

ಗಾಜಿಗೆ ಆ ತೊಂದರೆಯೇ ಇಲ್ಲ. 1966ರಲ್ಲಿ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಕಿಲೋಮೀಟರಿಗೆ 20 ಡೆಸಿಬೆಲ್ ನಷ್ಟಕ್ಕಿಂತ ಕಡಿಮೆಯ ಗಾಜು ಸಿಕ್ಕರೆ ಸಾಕೆಂದರು. 1970ರಲ್ಲಿ ಕಾರ್ನಿಂಗ್ ಕಂಪನಿ ಆ ಮಟ್ಟ ದಾಟಿತು. 20 ಡೆಸಿಬೆಲ್ ಎಂದರೆ ಹೊರಟ ಬೆಳಕಿನಲ್ಲಿ ತಲುಪುವುದು ನೂರಕ್ಕೆ ಒಂದು ಪಾಲು. ಇಂದಿನ ಎಳೆಯಲ್ಲಿ 1550 ನ್ಯಾನೋಮೀಟರ್ ಬೆಳಕಿಗೆ ನಷ್ಟ ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್. ಅಂದು ಒಂದು ಕಿಲೋಮೀಟರಿಗೆ ಆಗುತ್ತಿದ್ದ ನಷ್ಟಕ್ಕೆ ಇಂದು ನೂರು ಕಿಲೋಮೀಟರ್ ಬೇಕು.

ಎಳೆಯ ವ್ಯಾಸ 125 ಮೈಕ್ರೋಮೀಟರ್. ಬೆಳಕು ಹರಿಯುವ ಒಡಲು ಒಂಬತ್ತರ ಆಸುಪಾಸು. ಜೆಸಿಬಿಯ ಹಲ್ಲು ತಗುಲಿ ಕೇಬಲ್ ತುಂಡಾದರೆ, ಒಟಿಡಿಆರ್ ಉಪಕರಣ ಮಿಡಿತವೊಂದನ್ನು ಕಳಿಸಿ, ಹಿಂದಿರುಗಿದ ಬೆಳಕಿನ ಹೊತ್ತು ಅಳೆದು, ಎಷ್ಟು ದೂರದಲ್ಲಿ ಕಡಿದಿದೆಯೆಂದು ಹೇಳುತ್ತದೆ. ಆಮೇಲೆ ತಂತ್ರಜ್ಞ ಎಳೆಯ ಹೊದಿಕೆ ಸುಲಿದು, ಒರೆಸಿ, ತುದಿಯನ್ನು ನೇರ ಕತ್ತರಿಸಿ, ಸ್ಪ್ಲೈಸಿಂಗ್ ಯಂತ್ರದಲ್ಲಿ ಎದುರುಬದುರು ಇಡುತ್ತಾನೆ. ವಿದ್ಯುತ್ ಕಿಡಿಯಲ್ಲಿ ಎರಡು ತುದಿ ಕರಗಿ ಒಂದಾಗುತ್ತವೆ. ಧೂಳಿನ ಒಂದು ಕಣ ಕೂತಿದ್ದರೂ ಮತ್ತೆ ಮೊದಲಿನಿಂದ.

ಹಳಿಯಂಚಿನ ನೆಲ ರೈಲ್ವೆಯ ಸ್ವಂತದ್ದು. ಊರೂರಿಗೆ ಅನುಮತಿ ಬೇಡದೆ ಕೇಬಲ್ ಎಳೆಯಲು ಬೇಕಾದದ್ದೂ ಅಂಥ ನೆಲವೇ. ಈ ಅನುಕೂಲದ ಮೇಲೆ 2000ದಲ್ಲಿ ಹುಟ್ಟಿದ ರೈಲ್ವೆಯ ದೂರಸಂಪರ್ಕ ಕಂಪನಿ ರೈಲ್‌ಟೆಲ್‌ನ ಜಾಲ ಇಂದು 60 ಸಾವಿರ ಕಿಲೋಮೀಟರಿಗೂ ಹೆಚ್ಚು. 2016ರ ಏಪ್ರಿಲ್‌ನಲ್ಲಿ ಗೂಗಲ್ ಜತೆ ಸೇರಿ ಅದು ಉಚಿತ ವೈಫೈ ಕೊಟ್ಟ ಒಂಬತ್ತು ನಿಲ್ದಾಣಗಳಲ್ಲಿ ಹೈದರಾಬಾದಿನ ಕಾಚಿಗುಡವೂ ಒಂದು.

ಅದೇ ವರ್ಷದ ಫೆಬ್ರವರಿಯಲ್ಲಿ, ಮುಂದೆ ‘ಕವಚ್’ ಎಂದು ಹೆಸರಾದ, ಡಿಕ್ಕಿ ತಡೆಯುವ ರಕ್ಷಣಾ ವ್ಯವಸ್ಥೆಯನ್ನು ಪ್ರಯಾಣಿಕರ ಗಾಡಿಗಳ ಮೇಲೆ ಪರೀಕ್ಷಿಸತೊಡಗಿದರು. ಆರಿಸಿಕೊಂಡದ್ದು ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ ಮತ್ತು ವಿಕಾರಾಬಾದ್–ಬೀದರ್ ಹಾದಿ. ರೈಲ್ವೆಯ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒ ಜತೆ ಇದನ್ನು ರೂಪಿಸಿದ ಮೇಧಾ, ಕೆರ್ನೆಕ್ಸ್, ಎಚ್‌ಬಿಎಲ್ ಮೂರೂ ಹೈದರಾಬಾದಿನ ಕಂಪನಿಗಳು. ಕಿಲೋಮೀಟರಿಗೊಂದರಂತೆ ಮತ್ತು ಸಿಗ್ನಲ್‌ಗಳ ಬಳಿ ಹಳಿಯಲ್ಲಿ ಆರ್‌ಎಫ್‌ಐಡಿ ಟ್ಯಾಗ್; ಅದಕ್ಕೆ ಬ್ಯಾಟರಿಯಿಲ್ಲ, ಮೇಲೆ ಹಾದುಹೋಗುವ ಇಂಜಿನ್ನಿನ ತರಂಗದಿಂದಲೇ ಶಕ್ತಿ ಪಡೆದು ತಾನಿರುವ ಜಾಗ ತಿಳಿಸುತ್ತದೆ. ಇಂಜಿನ್ನು ಮತ್ತು ಸ್ಟೇಷನ್ನಿನ ನಡುವೆ ಯುಎಚ್‌ಎಫ್ ರೇಡಿಯೊ.

2022ರ ಮಾರ್ಚ್ 4ರಂದು ಇದೇ ಹಾದಿಯ ಗುಲ್ಲಗುಡ ಮತ್ತು ಚಿಟ್ಗಿಡ್ಡ ಸ್ಟೇಷನ್ನುಗಳ ನಡುವೆ ರೈಲ್ವೆ ಸಚಿವ ಅಶ್ವಿನಿ ವೈಷ್ಣವ್ ಇದ್ದ ಇಂಜಿನ್ನು, ಎದುರಿನ ಇಂಜಿನ್ನಿಗೆ 380 ಮೀಟರ್ ಇರುವಾಗಲೇ ತಾನಾಗಿ ನಿಂತಿತು. 2024ರ ಜುಲೈನಲ್ಲಿ ಆರ್‌ಡಿಎಸ್‌ಒ ಕವಚ್‌ನ 4.0 ಆವೃತ್ತಿಗೆ ಒಪ್ಪಿಗೆ ಕೊಟ್ಟಿತು. ಅದನ್ನು ಅಳವಡಿಸುವ ಮಾರ್ಗಗಳಲ್ಲಿ ಈಗ ರೇಡಿಯೊ ಗೋಪುರಗಳೂ ಹಳಿಯುದ್ದಕ್ಕೂ ಗಾಜಿನ ಎಳೆಯ ಕೇಬಲ್ಲೂ ಒಟ್ಟಿಗೆ ಬರುತ್ತಿವೆ. ಹಾದಿ ಖಾಲಿಯೋ ತುಂಬಿದೆಯೋ ಎಂಬ ಆ ಒಂದು ಬಿಟ್ಟನ್ನು ಮಾತ್ರ ಈಗಲೂ ಟ್ರ್ಯಾಕ್ ಸರ್ಕ್ಯೂಟ್ ಮತ್ತು ಆಕ್ಸಲ್ ಕೌಂಟರುಗಳೇ ಒದಗಿಸುತ್ತವೆ.