ತಲೆ ಸುತ್ತಿದರೆ ತಪ್ಪು ಯಾರದ್ದು?

ವಿಆರ್ ಹೆಡ್‌ಸೆಟ್ ಹಾಕಿಕೊಂಡ ಹೆಣ್ಣುಮಗಳೊಬ್ಬಳು ಐದೇ ನಿಮಿಷಕ್ಕೆ 'ತಲೆ ಸುತ್ತುತ್ತೆ' ಅಂತ ತೆಗೆದಿಟ್ಟರೆ ಪಕ್ಕದಲ್ಲಿದ್ದವರು ಏನಂತಾರೆ? 'ನಿಂಗೆ ಇದೆಲ್ಲ ಆಗಿಬರಲ್ಲ ಬಿಡು.' ಮುಗೀತು, ತೀರ್ಪು ಬಂತು! ನನ್ನ ಪ್ರಶ್ನೆ ಒಂದೇ: ತಪ್ಪು ಆ ತಲೆಯದ್ದೋ, ಯಂತ್ರದ್ದೋ? ಉತ್ತರಕ್ಕೆ ಇತಿಹಾಸದ ಪುಟ ತಿರುವಬೇಕು.

1838. ಲಂಡನ್ನಿನ ರಾಯಲ್ ಸೊಸೈಟಿ. ಚಾರ್ಲ್ಸ್ ವೀಟ್‌ಸ್ಟನ್ ಎಂಬ ವಿಜ್ಞಾನಿ ಎರಡು ಕನ್ನಡಿಗಳ ಸಾಧನವೊಂದರ ವಿವರ ಮಂಡಿಸಿದರು. ಎಡಗಣ್ಣಿಗೆ ಒಂದು ಚಿತ್ರ, ಬಲಗಣ್ಣಿಗೆ ಕೊಂಚವೇ ಬೇರೆಯಾದ ಇನ್ನೊಂದು. ಮಿದುಳು ಎರಡನ್ನೂ ಕೂಡಿಸಿ ಚಪ್ಪಟೆ ಚಿತ್ರಕ್ಕೆ ಆಳ ಕೊಡುತ್ತೆ. ಅದೇ ಸ್ಟೀರಿಯೋಸ್ಕೋಪ್, ಇವತ್ತಿನ ಹೆಡ್‌ಸೆಟ್‌ನ ಮುತ್ತಜ್ಜ. 1849ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಕನ್ನಡಿಯ ಜಾಗಕ್ಕೆ ಮಸೂರ ತಂದರು. 1861ರ ಹೊತ್ತಿಗೆ ಅಮೆರಿಕದ ವೈದ್ಯ ಆಲಿವರ್ ವೆಂಡೆಲ್ ಹೋಮ್ಸ್ ಅದನ್ನು ಕೈಯಲ್ಲಿ ಹಿಡಿದು ನೋಡುವಂತೆ ಹಗುರ ಮಾಡಿದರು. ಪೇಟೆಂಟ್ ಕೂಡ ಮಾಡಿಸಲಿಲ್ಲ. ಚಿತ್ರದ ಕಾರ್ಡನ್ನು ಹಿಂದೆ ಮುಂದೆ ಸರಿಸಿ ಸ್ಪಷ್ಟ ಮಾಡಿಕೊಳ್ಳಬಹುದಿತ್ತು. ನೋಡುವವರ ಕಣ್ಣಿಗೆ ಯಂತ್ರ ಬಗ್ಗುತ್ತಿತ್ತು.

ಈಗ ನಮ್ಮ ಕಾಲಕ್ಕೆ ಬನ್ನಿ. ವಯಸ್ಕರಲ್ಲಿ ಎರಡು ಕಣ್ಣುಪಾಪೆಗಳ ನಡುವಿನ ಅಂತರ ಸರಾಸರಿ 63 ಮಿಲಿಮೀಟರ್. ಕೆಲವರಿಗೆ 55ರ ಆಸುಪಾಸು, ಕೆಲವರಿಗೆ 70 ದಾಟುತ್ತೆ. ಹೆಂಗಸರ ಸರಾಸರಿ ಗಂಡಸರದ್ದಕ್ಕಿಂತ ಕಡಿಮೆ. ಮಸೂರದ ನಡುಬಿಂದು ಕಣ್ಣುಪಾಪೆಯ ನೇರಕ್ಕೆ ಬರದಿದ್ದರೆ ಚಿತ್ರ ಮಸುಕಾಗುತ್ತೆ, ಕಣ್ಣು ದಣಿಯುತ್ತೆ, ತಲೆನೋವು ಶುರುವಾಗುತ್ತೆ. 2016ರ ಆಕ್ಯುಲಸ್ ರಿಫ್ಟ್‌ನಲ್ಲಿ ಮಸೂರ ಸರಿಸುವ ಏರ್ಪಾಡು ಇತ್ತು. 2019ರ ರಿಫ್ಟ್ ಎಸ್‌ನಲ್ಲಿ ಅದು ಮಾಯ! ಸಾಫ್ಟ್‌ವೇರ್‌ನಲ್ಲಿ ಅಂಕಿ ಬದಲಿಸಬಹುದಿತ್ತು, ಮಸೂರ ಮಾತ್ರ ಕದಲುತ್ತಿರಲಿಲ್ಲ. ಮರುವರ್ಷ ಬಂದ ಕ್ವೆಸ್ಟ್ 2ರಲ್ಲಿ ಮೂರೇ ಅಳತೆ: 58, 63, 68. ನಡುವಿನವರು ಎಲ್ಲಿಗೆ ಹೋಗಬೇಕು ಸ್ವಾಮಿ?

ಅದೇ 2020ರಲ್ಲಿ ಅಮೆರಿಕದ ಸಂಶೋಧಕಿ ಕೇ ಸ್ಟ್ಯಾನಿ ಮತ್ತು ಸಂಗಡಿಗರ ಅಧ್ಯಯನ ಹೊರಬಂತು. ವಿಆರ್‌ನಲ್ಲಿ ಹೆಂಗಸರಿಗೆ ಹೆಚ್ಚು ಸಂಕಟವಾಗಲು ಮುಖ್ಯ ಕಾರಣ ಈ ಅಂತರ ಹೊಂದದಿರುವುದು ಅಂತ ಅವರು ಕಂಡುಕೊಂಡರು. ಮಸೂರ ಸರಿಯಾಗಿ ಹೊಂದಿದ ಹೆಂಗಸರ ಅನುಭವ ಗಂಡಸರದ್ದರಂತೆಯೇ ಇತ್ತು. ಅಷ್ಟು ದಿನ 'ಆಗಿಬರಲ್ಲ' ಅಂತ ಹೇಳಿಸಿಕೊಂಡವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

ಆದ್ದರಿಂದ ಹೆಡ್‌ಸೆಟ್ ಕೊಳ್ಳುವ ಮುನ್ನ ಕನ್ನಡಕದ ಅಂಗಡಿಯಲ್ಲಿ ನಿಮ್ಮ 'ಪಿ.ಡಿ.' ಎಷ್ಟು ಅಂತ ಕೇಳಿ, ಬರೆಸಿಕೊಳ್ಳಿ. ಆ ಅಳತೆಗೆ ಯಂತ್ರ ಹೊಂದುತ್ತೋ ಇಲ್ಲವೋ ಅಂಗಡಿಯವರನ್ನು ವಿಚಾರಿಸಿ. ಹಾಕಿಕೊಂಡ ಮೇಲೆ ಮೊದಲು ಮೇಲೆ ಕೆಳಗೆ ಸರಿಸಿ, ಆಮೇಲೆ ಅಕ್ಷರ ಸ್ಪಷ್ಟವಾಗಿ ಕಾಣುವವರೆಗೆ ಮಸೂರ ಹೊಂದಿಸಿ. ಮನೆಯಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಹೋದಾಗಲೆಲ್ಲ ಇದನ್ನು ಮತ್ತೆ ಮಾಡಿ. ಹೊಂದುವುದೇ ಇಲ್ಲವಾ? ಕೊಳ್ಳಬೇಡಿ. ಕಾಸು ಕೊಡುವವರು ನೀವು, ಬಗ್ಗಬೇಕಾದ್ದು ಯಂತ್ರ.