ಹಿನ್ನೀರಿನ ಈಚೆ ದಡ: ಮಲೆನಾಡಿನ ನರ್ಸಿಂಗ್ ವಿದ್ಯಾರ್ಥಿಗಳು ಉನ್ನತ ಶುಶ್ರೂಷಾ ವೃತ್ತಿಯನ್ನು ಬಯಸುವುದೇಕೆ?

ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ ಹುಡುಗಿ ಇನ್ನೂ ಓದುತ್ತೇನೆ ಎಂದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಕೇಳಿಬರುವ ಮೊದಲ ಪ್ರಶ್ನೆ ‘ಫಾರಿನ್ನಿಗೆ ಹೋಗೋಕಾ?’ ಎಂಬುದು. ಸಂಶೋಧನಾ ಬರಹಗಳೂ ಇದನ್ನೇ ಸ್ವಲ್ಪ ಗಂಭೀರ ಭಾಷೆಯಲ್ಲಿ ಕೇಳುತ್ತವೆ: ಸಂಬಳ, ವಲಸೆ, ಅಂತಸ್ತು. ಈ ಕಾರಣಗಳು ಸುಳ್ಳಲ್ಲ. ಆದರೆ ಜೋಗದ ಸುತ್ತಿನ ಸೀಮೆಯನ್ನು ಮುಂದಿಟ್ಟುಕೊಂಡು ನೋಡಿದರೆ ಇವುಗಳಿಗಿಂತ ಹಳೆಯ ಕಾರಣವೊಂದು ಕಾಣುತ್ತದೆ. ಇಲ್ಲಿನ ನರ್ಸು ರೋಗಿಯ ಬಗ್ಗೆ ತೀರ್ಮಾನ ತೆಗೆದುಕೊಳ್ಳುತ್ತಲೇ ಬಂದಿದ್ದಾಳೆ. ಆ ತೀರ್ಮಾನಕ್ಕೆ ಕಾನೂನಿನ ಬೆಂಬಲವಾಗಲಿ ಹುದ್ದೆಯ ಹೆಸರಾಗಲಿ ಇಲ್ಲ. ಉನ್ನತ ವೃತ್ತಿಯ ಬಯಕೆಯಲ್ಲಿ ಈ ಕೊರತೆಯನ್ನು ತುಂಬಿಕೊಳ್ಳುವ ಹಂಬಲವೂ ಇದೆ ಎಂಬುದು ಈ ಲೇಖನದ ವಾದ. ಇದು ಪ್ರಶ್ನಾವಳಿ ಹಂಚಿ ಮಾಡಿದ ಸಮೀಕ್ಷೆಯಲ್ಲ. ಪ್ರದೇಶದ ರೋಗಚರಿತ್ರೆ, ನರ್ಸಿಂಗ್ ನೀತಿ ಮತ್ತು ವೃತ್ತಿ ಆಯ್ಕೆಯ ಸಿದ್ಧಾಂತಗಳನ್ನು ಒಟ್ಟಿಗೆ ಓದುವ ಪ್ರಯತ್ನ.

ನರ್ಸ್ ಪ್ರಾಕ್ಟೀಷನರ್ ಎಂಬ ಕಲ್ಪನೆ ಹುಟ್ಟಿದ್ದೂ ವೈದ್ಯರು ಸಿಗದ ಊರುಗಳ ಚಿಂತೆಯಿಂದಲೇ. 1965ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನರ್ಸಿಂಗ್ ಪ್ರಾಧ್ಯಾಪಕಿ ಲೊರೆಟ್ಟಾ ಫೋರ್ಡ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಮೊದಲ ತರಬೇತಿಯನ್ನು ಆರಂಭಿಸಿದರು. ರೋಗಿಯನ್ನು ತಾನೇ ಪರೀಕ್ಷಿಸಿ, ರೋಗನಿರ್ಣಯ ಮಾಡಿ, ಗೊತ್ತುಪಡಿಸಿದ ಮಿತಿಯೊಳಗೆ ಔಷಧ ಬರೆಯುವ ನರ್ಸು ಅಲ್ಲಿಂದ ಮುಂದೆ ಹಲವು ದೇಶಗಳಲ್ಲಿ ಬೇರೂರಿದಳು. ಭಾರತೀಯ ನರ್ಸಿಂಗ್ ಪರಿಷತ್ತು 2017ರಲ್ಲಿ ತೀವ್ರ ನಿಗಾ ಘಟಕಗಳಿಗಾಗಿ ಎರಡು ವರ್ಷಗಳ ಸ್ನಾತಕೋತ್ತರ ನರ್ಸ್ ಪ್ರಾಕ್ಟೀಷನರ್ ರೆಸಿಡೆನ್ಸಿ ಕೋರ್ಸನ್ನು ತಂದಿತು. 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯದ ಸೂಲಗಿತ್ತಿ ಸೇವೆಯ ಮಾರ್ಗಸೂಚಿ ಹೆರಿಗೆ ಆರೈಕೆಯಲ್ಲಿ ಇಂಥದೇ ಹುದ್ದೆಗೆ ದಾರಿ ತೋರಿಸಿತು. ಕಾಗದದ ಮೇಲಿನ ದಾರಿ ಇಷ್ಟೇ.

ಈಗ ಮಲೆನಾಡಿಗೆ ಬರೋಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ 2018ರ ಕೊನೆಯಿಂದ 2019ರವರೆಗೆ ಜೋಗದ ಹತ್ತಿರದ ಅರಳಗೋಡು ಸುತ್ತಮುತ್ತ ಉಲ್ಬಣಿಸಿದ್ದನ್ನು ಇಲ್ಲಿನವರು ಮರೆತಿಲ್ಲ. ಕಾಡಿನಲ್ಲಿ ಕೋತಿ ಸತ್ತರೆ ಊರಿಗೆ ಊರೇ ಬೆಚ್ಚುತ್ತಿದ್ದ ದಿನಗಳು ಅವು. ಕೊಟ್ಟಿಗೆಗೆ ದರಗು ತರಲು ಹೋದವರಿಗೆ ಉಣುಗು ಕಚ್ಚಿ, ಮೂರರಿಂದ ಎಂಟು ದಿನಗಳಲ್ಲಿ ಜ್ವರ, ತಲೆನೋವು, ಮೈಕೈ ನೋವು. ಕೆಲವರಿಗೆ ವಸಡು, ಮೂಗಿನಲ್ಲಿ ರಕ್ತ. ಈ ವೈರಸ್ಸಿಗೆ ನೇರವಾಗಿ ತಾಗುವ ಔಷಧವಿಲ್ಲ. ದ್ರವ ಕೊಡುವುದು, ಪ್ಲೇಟ್‌ಲೆಟ್ ಎಣಿಕೆಯ ಮೇಲೆ ಕಣ್ಣಿಡುವುದು, ರಕ್ತಸ್ರಾವವನ್ನು ಮೊದಲ ಗಳಿಗೆಯಲ್ಲೇ ಹಿಡಿಯುವುದು, ಇವೇ ಚಿಕಿತ್ಸೆ. ಎಂದರೆ ಚಿಕಿತ್ಸೆಯ ದೊಡ್ಡ ಪಾಲು ಶುಶ್ರೂಷೆಯೇ.

ಇದಕ್ಕಿಂತ ಸೂಕ್ಷ್ಮವಾದದ್ದು ಎರಡನೆಯ ಹಂತ. ಸೋಂಕಿತರಲ್ಲಿ ಶೇ. 10ರಿಂದ 20ರಷ್ಟು ಮಂದಿಗೆ, ಜ್ವರ ಇಳಿದು ಮನೆಗೆ ಮರಳಿದ ಮೇಲೆ ಮೂರನೆಯ ವಾರದ ಹೊತ್ತಿಗೆ, ಮತ್ತೆ ಜ್ವರ ಏರಿ ನರಸಂಬಂಧಿ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ: ತೀವ್ರ ತಲೆನೋವು, ನಡುಕ, ಮಂಪರು. ಆಗ ರೋಗಿ ಇರುವುದು ವಾರ್ಡಿನಲ್ಲಲ್ಲ, ತೋಟದ ನಡುವಿನ ಒಂಟಿ ಮನೆಯಲ್ಲಿ. ಇದು ಬರಿಯ ಸುಸ್ತೋ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಘಟ್ಟ ಇಳಿದು ಮಣಿಪಾಲಕ್ಕೋ ಕಳಿಸಬೇಕಾದ ಸ್ಥಿತಿಯೋ ಎಂದು ಮೊದಲು ಅಳೆಯುವವರು ಆಶಾ ಕಾರ್ಯಕರ್ತೆ ಮತ್ತು ಉಪಕೇಂದ್ರದ ನರ್ಸಮ್ಮ. ತೀವ್ರ ನಿಗಾ ಘಟಕದ ತಜ್ಞ ಯಂತ್ರಗಳ ನೆರವಿನಿಂದ ಮಾಡುವ ವಿವೇಚನೆಯನ್ನು ಇವರು ಬರಿಗಣ್ಣಿನಲ್ಲಿ ಮಾಡಬೇಕು. ಅದು ತಪ್ಪಿದರೆ ಜವಾಬ್ದಾರಿ ಅವರ ತಲೆಗೆ. ಸರಿಯಾದರೆ ಯಾವ ದಾಖಲೆಯಲ್ಲೂ ಅದರ ಉಲ್ಲೇಖವಿರುವುದಿಲ್ಲ.

ಹಾವು ಕಡಿತದ ಉದಾಹರಣೆಯೂ ಇಲ್ಲಿ ಪ್ರಸ್ತುತ. ಕೊಳಕುಮಂಡಲ ಕಡಿದಿದೆಯೆಂಬ ಶಂಕೆ ಇದ್ದರೆ, ಒಣಗಿದ ಶುದ್ಧ ಗಾಜಿನ ನಳಿಕೆಯಲ್ಲಿ ರೋಗಿಯ ಸ್ವಲ್ಪ ರಕ್ತವನ್ನು 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ವಾಲಿಸಿ ನೋಡುತ್ತಾರೆ. ಹೆಪ್ಪುಗಟ್ಟದಿದ್ದರೆ ವಿಷ ರಕ್ತಕ್ಕೆ ಸೇರಿದೆ ಎಂದರ್ಥ. ವಿದ್ಯುತ್ತು ಬೇಡ, ಪ್ರಯೋಗಾಲಯವೂ ಬೇಡದ ಪರೀಕ್ಷೆ. ರಕ್ತ ತೆಗೆಯುವುದು, ಗಡಿಯಾರ ನೋಡುವುದು, ನಳಿಕೆ ವಾಲಿಸುವುದು ಎಲ್ಲವೂ ನರ್ಸಿನ ಕೈಯಲ್ಲೇ ನಡೆಯಬಲ್ಲವು. ಪ್ರತಿವಿಷ ಹಾಕಬೇಕೆಂದು ಬರೆಯುವ ಅಧಿಕಾರ ಮಾತ್ರ ಅವಳದಲ್ಲ. ದೇಶದಲ್ಲಿ ಸಿಗುವ ಬಹುಸಂಯೋಜಿತ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳಿಗಷ್ಟೇ ತಯಾರಾದದ್ದು. ಪಶ್ಚಿಮ ಘಟ್ಟದ ಹಂಪ್‌ನೋಸ್ಡ್ ಪಿಟ್ ವೈಪರ್ ಕಡಿತಕ್ಕೆ ಅದು ನಾಟುವುದಿಲ್ಲ. ಇದನ್ನೆಲ್ಲ ತಿಳಿದವಳು ಬೇಕೇ ಬೇಡವೇ ಎಂದು ಆಗುಂಬೆಯ ಕಡೆಯವರನ್ನು ಕೇಳಿದರೆ ಉತ್ತರ ಸಿಕ್ಕೀತು.

ಪೆಟ್ರೀಷಿಯಾ ಬೆನ್ನರ್ 1984ರ ‘ಫ್ರಮ್ ನೋವಿಸ್ ಟು ಎಕ್ಸ್‌ಪರ್ಟ್’ ಗ್ರಂಥದಲ್ಲಿ, ನರ್ಸಿನ ಪರಿಣತಿ ಪಠ್ಯಕ್ಕಿಂತ ರೋಗಿಯ ಬಳಿ ನಿಂತು ಪಡೆದ ಅನುಭವದಲ್ಲಿ ಮಾಗುತ್ತದೆ ಎಂದು ತೋರಿಸಿದರು. ಲೆಂಟ್, ಬ್ರೌನ್, ಹ್ಯಾಕೆಟ್ 1994ರಲ್ಲಿ ಮಂಡಿಸಿದ ವೃತ್ತಿ ಆಯ್ಕೆಯ ಸಾಮಾಜಿಕ ಸಂಜ್ಞಾನ ಸಿದ್ಧಾಂತದ ಪ್ರಕಾರ, ‘ಇದು ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ಮತ್ತು ‘ಇದರಿಂದ ಇಂಥದು ದಕ್ಕುತ್ತದೆ’ ಎಂಬ ನಿರೀಕ್ಷೆ ಸೇರಿ ಗುರಿಯನ್ನು ರೂಪಿಸುತ್ತವೆ. ಸುತ್ತಲಿನ ಪರಿಸರ ಆ ಗುರಿಗೆ ನೀರೆರೆಯಬಹುದು, ಅಡ್ಡಗಟ್ಟಲೂಬಹುದು. ಮಲೆನಾಡಿನ ವಿದ್ಯಾರ್ಥಿನಿಗೆ ಮೊದಲನೆಯ ನಂಬಿಕೆ ಕಾಲೇಜಿಗೆ ಬರುವ ಮುಂಚೆಯೇ ದಕ್ಕಿರುವ ಸಾಧ್ಯತೆ ಹೆಚ್ಚು. ಮಳೆಗಾಲದಲ್ಲಿ ಡಾಕ್ಟರಿಲ್ಲದ ಊರಿನಲ್ಲಿ ನರ್ಸಮ್ಮನೇ ಎಲ್ಲವನ್ನೂ ನಿಭಾಯಿಸುವುದನ್ನು ಕಂಡು ಬೆಳೆದವಳು ಅವಳು. ಸಿದ್ಧಾಂತಕಾರರು ಇದನ್ನು ಪರರನ್ನು ಕಂಡು ಕಲಿಯುವಿಕೆ ಎನ್ನುತ್ತಾರೆ. ಎಡವುವುದು ಎರಡನೆಯದರಲ್ಲಿ, ದಕ್ಕುವುದೇನು ಎಂಬಲ್ಲಿ.

ಸಂಬಳದ ವಿಷಯ ಬೇಗ ಹೇಳಿ ಮುಗಿಸಬಹುದು. 2016ರಲ್ಲಿ ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ರಚನೆಯಾದ ಸಮಿತಿ, 50 ಹಾಸಿಗೆಗಿಂತ ಕಡಿಮೆಯಿರುವ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೊಡಬಾರದು ಎಂದು ಶಿಫಾರಸು ಮಾಡಿತು. ಶಿಫಾರಸು ಮಾಡಬೇಕಾಗಿ ಬಂತು ಎಂಬುದೇ ಪರಿಸ್ಥಿತಿಯನ್ನು ಹೇಳುತ್ತದೆ. ಮ್ಯಾಡಲೀನ್ ಹೀಲಿ ‘ಇಂಡಿಯನ್ ಸಿಸ್ಟರ್ಸ್’ ಗ್ರಂಥದಲ್ಲಿ ಪ್ರಭುತ್ವ ನರ್ಸಿಂಗನ್ನು ಕಡೆಗಣಿಸಿದ ನೂರು ವರ್ಷಗಳ ಚರಿತ್ರೆಯನ್ನು ಬರೆದಿದ್ದಾರೆ. ಶ್ರೀಲೇಖಾ ನಾಯರ್ ವೃತ್ತಿಯ ಅಂತಸ್ತು ಮತ್ತು ವಲಸೆಯ ಹೆಣಿಗೆಯನ್ನು ಬಿಡಿಸಿದ್ದಾರೆ. ಇಬ್ಬರನ್ನೂ ಓದಿದವರಿಗೆ ವಿದೇಶದ ಆಸೆ ಬರಿಯ ದುಡ್ಡಿನ ಆಸೆಯಾಗಿ ಕಾಣುವುದಿಲ್ಲ.

ಸಮಸ್ಯೆಯ ತಿರುಳು ಇರುವುದು ಬೇರೆಡೆ. ದೇಶದಲ್ಲಿ ನರ್ಸ್ ಪ್ರಾಕ್ಟೀಷನರ್ ಎಂಬ ಹೆಸರಿನ ಸ್ನಾತಕೋತ್ತರ ಪದವಿ ಇರುವುದು ತೀವ್ರ ನಿಗಾ ಘಟಕಕ್ಕೆ. ಅದು ದೊಡ್ಡ ಆಸ್ಪತ್ರೆಯ ಸೊತ್ತು. ಜೋಗದ ಸೀಮೆಗೆ ಬೇಕಾದದ್ದು ಪ್ರಾಥಮಿಕ ಆರೈಕೆಯ ಪ್ರಾಕ್ಟೀಷನರ್. ಅದಕ್ಕೆ ಹತ್ತಿರವಾದ ಹುದ್ದೆ ಎಂದರೆ 2018ರ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಉಪಕೇಂದ್ರಗಳಿಗೆ ಬಂದ ಸಮುದಾಯ ಆರೋಗ್ಯ ಅಧಿಕಾರಿ, ಎಲ್ಲರ ಬಾಯಲ್ಲಿ ಸಿಎಚ್‌ಒ. ಗುಡ್ಡಗಾಡಿನಲ್ಲಿ ಸುಮಾರು 3,000 ಜನರಿಗೆ ಒಂದು ಉಪಕೇಂದ್ರ ಎಂಬುದು ನಿಯಮ. ಬಿಪಿ, ಸಕ್ಕರೆ ಕಾಯಿಲೆ ಪತ್ತೆ ಹಚ್ಚುವುದು, ಇ-ಸಂಜೀವಿನಿ ಎಂಬ ಆನ್‌ಲೈನ್ ಸೇವೆಯಲ್ಲಿ ವೈದ್ಯರನ್ನು ರೋಗಿಯ ಮುಂದೆ ಕೂರಿಸುವುದು, ಮುಂದುವರಿಕೆ ಮಾತ್ರೆ ಕೊಡುವುದು ಅವರ ಕೆಲಸ. ನರ್ಸಿಂಗ್ ಪದವೀಧರರಿಗೆ ಇದಕ್ಕಿಂತ ಚೆನ್ನಾಗಿ ಒಗ್ಗುವ ಹುದ್ದೆ ಇನ್ನೊಂದಿಲ್ಲ. ಆದರೆ ನೇಮಕ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆಯಲ್ಲಿ, ಸಂಬಳದ ಒಂದು ಪಾಲು ಕಾರ್ಯನಿರ್ವಹಣೆಯ ಪ್ರೋತ್ಸಾಹಧನದಲ್ಲಿ. ಹತ್ತು ವರ್ಷ ದುಡಿದರೂ ಮುಂದಿನ ಮೆಟ್ಟಿಲು ಯಾವುದೆಂದು ಕಾಣದು.

2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಮು, ಪ್ರಾಥಮಿಕ ಮತ್ತು ರೋಗತಡೆ ಆರೈಕೆಯಲ್ಲಿ ಗೊತ್ತುಪಡಿಸಿದ ಔಷಧಗಳನ್ನು ಸ್ವತಂತ್ರವಾಗಿ ಬರೆಯಬಲ್ಲ ಸಮುದಾಯ ಆರೋಗ್ಯ ಸೇವಾದಾರರಿಗೆ ಸೀಮಿತ ಪರವಾನಗಿ ನೀಡುವ ಮಾತಾಡಿತು. ಭಾರತೀಯ ವೈದ್ಯಕೀಯ ಸಂಘ ಆ ವರ್ಷ ದೇಶವ್ಯಾಪಿ ಮುಷ್ಕರ ಹೂಡಿದ್ದಕ್ಕೆ ಈ ಕಲಮೂ ಒಂದು ಕಾರಣ. ಅರೆಬರೆ ತರಬೇತಿಯವರಿಂದ ಹಳ್ಳಿಯವರಿಗೆ ಕೆಡುಕಾದೀತು ಎಂಬ ವೈದ್ಯರ ಆತಂಕವನ್ನು ತಳ್ಳಿಹಾಕಲಾಗದು. ಆದರೆ ನಾಲ್ಕು ವರ್ಷ ಬಿ.ಎಸ್ಸಿ. ಓದಿ, ಅನುಭವ ಪಡೆದು, ಮೇಲೆ ಎರಡು ವರ್ಷ ರೆಸಿಡೆನ್ಸಿ ಮಾಡಿದವಳನ್ನು ಅರೆಬರೆ ಎನ್ನುವುದು ಹೇಗೆ? ವಾದ ನಡೆಯಬೇಕಾದದ್ದು ತರಬೇತಿಯ ಗುಣಮಟ್ಟದ ಮೇಲೆ. ನಡೆದದ್ದು ಲೇಖನಿ ಯಾರ ಕೈಯಲ್ಲಿರಬೇಕು ಎಂಬುದರ ಮೇಲೆ.

ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಿಂದ 1964ರ ನಂತರ ದ್ವೀಪದಂತಾದ ತುಮರಿ, ಕರೂರು ಸೀಮೆಗೆ 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಅದಕ್ಕೂ ಮುಂಚೆ ಕತ್ತಲಾದ ಮೇಲೆ ಲಾಂಚಿಲ್ಲ, ಬಾಣಂತಿಗೆ ಏನಾದರೂ ಆದರೆ ಕಾಡುದಾರಿಯ ಸುತ್ತು ಬಳಸು. ಇನ್ನು ಆಂಬುಲೆನ್ಸ್ ರಾತ್ರಿಯೂ ಬರುತ್ತದಲ್ಲ, ಉನ್ನತ ತರಬೇತಿಯ ನರ್ಸು ಯಾಕೆ ಬೇಕು ಎಂಬ ಆಕ್ಷೇಪ ಸಹಜ. ಸೇತುವೆ ಕಡಿಮೆ ಮಾಡಿರುವುದು ಕಳಿಸುವ ಸಮಯವನ್ನು. ಯಾರನ್ನು ಕಳಿಸಬೇಕು, ಯಾರನ್ನು ಇಲ್ಲೇ ಉಳಿಸಿಕೊಂಡು ನೋಡಬಹುದು ಎಂಬುದು ಮುಂಚಿನಂತೆಯೇ ಉಪಕೇಂದ್ರದಲ್ಲಿ ನಿರ್ಧಾರವಾಗುತ್ತದೆ. ಪ್ರತಿ ಜ್ವರವನ್ನೂ ಸಾಗರಕ್ಕೆ ಅಟ್ಟಿದರೆ ತಾಲ್ಲೂಕು ಆಸ್ಪತ್ರೆ ತುಂಬುತ್ತದೆ, ಕೂಲಿಯವರ ದಿನಗೂಲಿ ಹೋಗುತ್ತದೆ.

ಆದ್ದರಿಂದ ಇನ್ನು ಮುಂದೆ ಶಿವಮೊಗ್ಗ ಜಿಲ್ಲೆಯ ನರ್ಸಿಂಗ್ ಕಾಲೇಜುಗಳಲ್ಲಿ ಸಮೀಕ್ಷೆ ನಡೆಸುವವರು ‘ವಿದೇಶಕ್ಕೆ ಹೋಗುವಿರಾ?’ ಎಂಬ ಪ್ರಶ್ನೆಯ ಜೊತೆಗೆ ಇನ್ನೊಂದನ್ನು ಕೇಳಬೇಕು: ನಿಮ್ಮೂರಿನ ಉಪಕೇಂದ್ರದಲ್ಲೇ ಕಾಯಂ ಹುದ್ದೆ, ಸೀಮಿತ ಔಷಧ ಬರೆಯುವ ಅಧಿಕಾರ, ಮೆಗ್ಗಾನ್‌ನಂಥ ಆಸ್ಪತ್ರೆಯಲ್ಲಿ ಪ್ರಾಥಮಿಕ ಆರೈಕೆಯ ರೆಸಿಡೆನ್ಸಿ ಸಿಕ್ಕರೆ ಉಳಿಯುವಿರಾ? ಈ ಆಯ್ಕೆಯನ್ನು ಮುಂದಿಡದೆ ಅಳೆದ ಬಯಕೆಯಿಂದ ಮಲೆನಾಡಿನ ವಿದ್ಯಾರ್ಥಿಗಳು ಊರು ಬಿಡುವುದೇಕೆ ಎಂಬುದು ತಿಳಿಯುವುದಿಲ್ಲ. ಅವರ ಮುಂದೆ ಏನೇನು ಇರಲಿಲ್ಲ ಎಂಬುದಷ್ಟೇ ತಿಳಿಯುತ್ತದೆ.