ಮನೆ ಮೊದಲೋ, ಶಾಲೆ ಮೊದಲೋ? – ಲಂಡನ್ ನಗರದ ಇತಿಹಾಸ ಕಲಿಸುವ ಪಾಠ

ಪ್ರತಿ ವರ್ಷ ಮೇ ತಿಂಗಳ ಕೊನೆಯಲ್ಲಿ ದಾಖಲಾತಿ ಆರಂಭವಾದೊಡನೆ ನಮ್ಮಂತಹ ಶಿಕ್ಷಕರಿಗೆ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. ಕಳೆದ ಸಾಲಿನಲ್ಲಿ ಏಳನೇ ತರಗತಿ ಮುಗಿಸಿದ ವಿದ್ಯಾರ್ಥಿನಿಯೊಬ್ಬಳ ತಂದೆ, ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿರುವವರು, ಟಿ.ಸಿ. ಪಡೆಯಲು ಬಂದಾಗ ಕೇಳಿದ್ದೂ ಅದನ್ನೇ. "ಮಾಸ್ಟರ್ ಸಾಬ್, ಈಗಿರುವ ಮನೆಯಿಂದ ಗ್ಯಾರೇಜಿಗೆ ಹತ್ತು ನಿಮಿಷದ ನಡಿಗೆ. ಆದರೆ ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರೇ ಇಲ್ಲವಂತೆ. ಒಳ್ಳೆಯ ಹೈಸ್ಕೂಲು ಇರುವ ಬಡಾವಣೆಗೆ ಹೋದರೆ ಬಾಡಿಗೆ ಎರಡರಷ್ಟು, ಕೆಲಸಕ್ಕೆ ಬರಲು ಎರಡು ಬಸ್ಸು. ಮನೆ ಬದಲಿಸಲೋ ಬೇಡವೋ?"

ಆ ದಿನ ನನ್ನ ಬಳಿ ಸಿದ್ಧ ಉತ್ತರವಿರಲಿಲ್ಲ. ನಾನು ಭಾಷೆ ಕಲಿಸುವವನಾದರೂ ಇತಿಹಾಸ ಓದುವ ಹವ್ಯಾಸ ಇಟ್ಟುಕೊಂಡವನು. ದುಡಿಮೆಯ ಸ್ಥಳ, ಮನೆ, ಶಾಲೆ ಈ ಮೂರನ್ನೂ ಹೊಂದಿಸುವ ಕಷ್ಟ ನಮ್ಮೂರಿನಲ್ಲಿ ಹುಟ್ಟಿದ್ದಲ್ಲ. ಅದನ್ನು ಬಹಳ ಹಿಂದೆಯೇ ಎದುರಿಸಿದ ನಗರಗಳಲ್ಲಿ ಲಂಡನ್ ಒಂದು. ಆ ನಗರ ಏನು ಮಾಡಿತು, ಎಲ್ಲಿ ಎಡವಿತು, ಎಲ್ಲಿ ಗೆದ್ದಿತು ಎಂಬುದನ್ನು ಸಂಸ್ಥೆಯ ಸದಸ್ಯರ ಹಾಗೂ ವಿದ್ಯಾರ್ಥಿ ಮಿತ್ರರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ರೈಲು ಬಂದು ಮನೆ ದೂರವಾಯಿತು

ಹತ್ತೊಂಬತ್ತನೇ ಶತಮಾನದ ಮಧ್ಯಭಾಗದವರೆಗೆ ಲಂಡನ್ನಿನ ಬಡ ಕಾರ್ಮಿಕನ ಮನೆ ಅವನ ಕೆಲಸದಿಂದ ನಡೆದು ಹೋಗುವಷ್ಟು ದೂರದಲ್ಲೇ ಇರಬೇಕಿತ್ತು. ಬಂದರಿನ ಹಮಾಲಿ, ದರ್ಜಿ, ಬಡಗಿ ಎಲ್ಲರೂ ಇಕ್ಕಟ್ಟಾದ ಓಣಿಗಳಲ್ಲಿ ಒಂದೇ ಕೋಣೆಯಲ್ಲಿ ಇಡೀ ಕುಟುಂಬ ಹೂಡಿಕೊಂಡು ಬಾಳುತ್ತಿದ್ದರು. ಶ್ರೀಮಂತನಿಗೆ ಕುದುರೆಗಾಡಿ ಇತ್ತು, ಬಡವನಿಗೆ ಕಾಲುಗಳಿದ್ದವು.

1863ರ ಜನವರಿ 10ರಂದು ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್ಡನ್‌ವರೆಗೆ ಮೆಟ್ರೊಪಾಲಿಟನ್ ರೈಲ್ವೆ ಜನರ ಓಡಾಟಕ್ಕೆ ತೆರೆಯಿತು. ಇದೇ ಜಗತ್ತಿನ ಮೊದಲ ನೆಲದಡಿಯ ಪ್ರಯಾಣಿಕ ರೈಲು. ಉದ್ದ ಸುಮಾರು 6 ಕಿಲೋಮೀಟರ್. ಆದರೆ ರೈಲು ಹಳಿ, ನಿಲ್ದಾಣಗಳಿಗಾಗಿ ಕೆಡವಿದ್ದು ಹೆಚ್ಚಾಗಿ ಬಡವರ ಮನೆಗಳನ್ನೇ. ಆದ್ದರಿಂದ 1864ರಲ್ಲಿ ಗ್ರೇಟ್ ಈಸ್ಟರ್ನ್ ರೈಲ್ವೆಗೆ ನಗರದೊಳಗೆ ಮಾರ್ಗ ಹಾಕಲು ಅನುಮತಿ ಕೊಡುವಾಗ ಬ್ರಿಟಿಷ್ ಸಂಸತ್ತು ಒಂದು ಷರತ್ತು ಹಾಕಿತು. ಎಡ್ಮಂಟನ್, ವಾಲ್ತಮ್‌ಸ್ಟೋ ಕಡೆಯಿಂದ ಬೆಳಗಿನ ಜಾವ ಕಾರ್ಮಿಕರಿಗಾಗಿ ಅಗ್ಗದ ರೈಲು ಓಡಿಸಬೇಕು, ಹೋಗಿ ಬರಲು ದರ ಕೇವಲ 2 ಪೆನ್ನಿ. ಮುಂದೆ 1883ರ ಅಗ್ಗದ ರೈಲುಗಳ ಕಾಯ್ದೆ ಇದನ್ನು ದೇಶದ ಇತರ ರೈಲು ಕಂಪನಿಗಳಿಗೂ ವಿಸ್ತರಿಸಿತು.

ಪರಿಣಾಮ ಏನಾಯಿತು? ಅಗ್ಗದ ಟಿಕೆಟ್ ಇದ್ದ ಕಡೆ ಕಾರ್ಮಿಕರ ಬಡಾವಣೆಗಳು ಬೆಳೆದವು. ದುಬಾರಿ ಟಿಕೆಟ್ ಇದ್ದ ಕಡೆ ಗುಮಾಸ್ತರು, ಅಧಿಕಾರಿಗಳು, ವ್ಯಾಪಾರಸ್ಥರು ನೆಲೆಸಿದರು. ಮೆಟ್ರೊಪಾಲಿಟನ್ ರೈಲ್ವೆಯಂತೂ ಹಳಿಯ ಅಕ್ಕಪಕ್ಕದಲ್ಲಿ ತನ್ನ ಬಳಿ ಇದ್ದ ಜಮೀನಿನಲ್ಲೇ ಮನೆ ಕಟ್ಟಿಸಿ ಮಾರಲು ಹೊರಟಿತು. ಹ್ಯಾರೋ, ಪಿನ್ನರ್ ಮೊದಲಾದ ಆ ಪ್ರದೇಶಕ್ಕೆ 1915ರಲ್ಲಿ "ಮೆಟ್ರೊಲ್ಯಾಂಡ್" ಎಂಬ ಹೆಸರಿಟ್ಟು ವರ್ಷವರ್ಷವೂ ಪ್ರಚಾರದ ಪುಸ್ತಿಕೆ ಹೊರಡಿಸಿತು. ತೋಟವಿರುವ ಮನೆ, ಶುದ್ಧ ಗಾಳಿ, ನಗರಕ್ಕೆ ನೇರ ರೈಲು – ಇದು ಅಂದಿನ ಮಧ್ಯಮ ವರ್ಗದ ಕನಸಾಯಿತು.

ಬಡವರಿಗಾಗಿ ಲಂಡನ್ ಕೌಂಟಿ ಕೌನ್ಸಿಲ್ 1921ರಿಂದ ಬೆಕಂಟ್ರಿ ಎಂಬಲ್ಲಿ ದೊಡ್ಡ ಬಡಾವಣೆ ಕಟ್ಟಿಸಿತು. ಮನೆಗಳೇ 25 ಸಾವಿರಕ್ಕೂ ಹೆಚ್ಚು. ಪ್ರತಿ ಮನೆಗೂ ತೋಟವಿತ್ತು. ಹತ್ತಿರದಲ್ಲಿ ಕೆಲಸ ಮಾತ್ರ ಸಾಕಷ್ಟು ಇರಲಿಲ್ಲ. 1931ರಲ್ಲಿ ಪಕ್ಕದ ಡ್ಯಾಗೆನಮ್‌ನಲ್ಲಿ ಫೋರ್ಡ್ ಮೋಟಾರು ಕಾರ್ಖಾನೆ ಉತ್ಪಾದನೆ ಆರಂಭಿಸುವವರೆಗೂ ಬಹಳಷ್ಟು ಜನ ದಿನವೂ ದೂರದ ಲಂಡನ್ನಿಗೆ ಹೋಗಿ ಬರಬೇಕಾಯಿತು. ಮನೆ ಒಳ್ಳೆಯದಾದರೆ ಸಾಲದು, ದುಡಿಮೆಯ ದಾರಿಯೂ ಸುಗಮವಾಗಿರಬೇಕು ಎಂಬುದಕ್ಕೆ ಇದು ಸಾಕ್ಷಿ.

ಎಲ್ಲರಿಗೂ ಶಾಲೆ

ಇದೇ ಕಾಲದಲ್ಲಿ ಶಾಲೆಯೂ ಸರ್ಕಾರದ ಹೊಣೆಯಾಗುತ್ತಾ ಬಂತು. 1870ರ ಶಿಕ್ಷಣ ಕಾಯ್ದೆ, ಶಾಲೆ ಸಾಲದ ಕಡೆ ಶಾಲಾ ಮಂಡಳಿಗಳ ಮೂಲಕ ಶಾಲೆ ಕಟ್ಟಲು ದಾರಿ ಮಾಡಿತು. 1880ರಲ್ಲಿ ಹತ್ತು ವರ್ಷದವರೆಗೆ ಹಾಜರಾತಿ ಕಡ್ಡಾಯವಾಯಿತು. 1891ರ ಕಾಯ್ದೆಯಿಂದ ಪ್ರಾಥಮಿಕ ಶಿಕ್ಷಣ ಬಹುಮಟ್ಟಿಗೆ ಉಚಿತವಾಯಿತು. ಇಲ್ಲಿ ಒಂದು ಸೂಚನೆ: ಇಂಗ್ಲೆಂಡಿನಲ್ಲಿ "ಪಬ್ಲಿಕ್ ಸ್ಕೂಲ್" ಎಂದರೆ ದುಬಾರಿ ಖಾಸಗಿ ಶಾಲೆ, ಜನರ ತೆರಿಗೆ ಹಣದಿಂದ ನಡೆಯುವುದು "ಸ್ಟೇಟ್ ಸ್ಕೂಲ್". ನಾವು ಹೇಳುತ್ತಿರುವುದು ಎರಡನೆಯದರ ಕಥೆ.

ಪ್ರೌಢಶಾಲೆಯಲ್ಲಿ ಮಾತ್ರ ಶುಲ್ಕ ಉಳಿದಿತ್ತು. 1907ರಲ್ಲಿ ಸರ್ಕಾರ ಒಂದು ನಿಯಮ ತಂದಿತು. ಪೂರ್ಣ ಅನುದಾನ ಪಡೆಯುವ ಪ್ರೌಢಶಾಲೆಗಳು ತಮ್ಮ ಸೀಟುಗಳಲ್ಲಿ ಸಾಮಾನ್ಯವಾಗಿ ಶೇಕಡಾ 25ನ್ನು ಸರ್ಕಾರಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಉಚಿತವಾಗಿ ಕೊಡಬೇಕು. ಶೇಕಡಾ 25 ಎಂಬ ಅಂಕಿ ನಮ್ಮ ಓದುಗರಿಗೆ ಪರಿಚಿತವಾದದ್ದೇ; ಅದರ ಮಾತು ಮುಂದೆ ಬರುತ್ತದೆ.

1944ರ ಶಿಕ್ಷಣ ಕಾಯ್ದೆ ಸರ್ಕಾರಿ ಪ್ರೌಢಶಾಲೆಗಳಲ್ಲಿ ಶುಲ್ಕವನ್ನು ತೆಗೆದುಹಾಕಿತು. ಮಗು ನಡೆಯಬಹುದಾದ ದೂರವನ್ನೂ ಆ ಕಾಯ್ದೆ ಅಳೆಯಿತು. ಎಂಟು ವರ್ಷದೊಳಗಿನ ಮಗುವಿಗೆ 2 ಮೈಲಿ, ದೊಡ್ಡ ಮಕ್ಕಳಿಗೆ 3 ಮೈಲಿ. ಅದಕ್ಕೂ ದೂರವಾದರೆ ವಾಹನದ ವ್ಯವಸ್ಥೆ ಸ್ಥಳೀಯ ಆಡಳಿತದ ಹೊಣೆ. ಹನ್ನೊಂದನೇ ವಯಸ್ಸಿನ ಪರೀಕ್ಷೆಯಲ್ಲಿ ಗೆದ್ದವರು ಗ್ರಾಮರ್ ಶಾಲೆಗೆ, ಉಳಿದವರು ಬೇರೆ ಶಾಲೆಗೆ ಹೋಗುತ್ತಿದ್ದರು. ಈ ವಿಂಗಡಣೆ ಅನ್ಯಾಯ ಎಂಬ ಕೂಗು ಎದ್ದು, 1965ರಲ್ಲಿ ಎಲ್ಲ ಮಕ್ಕಳೂ ಒಂದೇ ಬಗೆಯ ಶಾಲೆಯಲ್ಲಿ ಕಲಿಯುವ ವ್ಯವಸ್ಥೆಗೆ ಬದಲಾಗುವಂತೆ ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿತು. ಪರೀಕ್ಷೆ ಬಹುತೇಕ ಕಡೆ ಹೋಯಿತು. ಆದರೆ ಅದರ ಜಾಗಕ್ಕೆ ಇನ್ನೊಂದು ಜರಡಿ ಬಂತು.

ವಿಳಾಸವೇ ಶುಲ್ಕವಾಯಿತು

ಆ ಜರಡಿ ಮನೆಯ ವಿಳಾಸ. 1980ರ ಕಾಯ್ದೆ ತಮಗೆ ಬೇಕಾದ ಶಾಲೆಯನ್ನು ಸೂಚಿಸುವ ಹಕ್ಕನ್ನು ಪೋಷಕರಿಗೆ ಕೊಟ್ಟಿತು. 1988ರ ಕಾಯ್ದೆ ಅದನ್ನು ಬಲಪಡಿಸಿತು. 1989ರ ಗ್ರೀನಿಚ್ ತೀರ್ಪು, ಮಗು ಪಕ್ಕದ ಆಡಳಿತ ವಿಭಾಗದಲ್ಲಿ ವಾಸಿಸುತ್ತದೆ ಎಂಬ ಒಂದೇ ಕಾರಣಕ್ಕೆ ಸೀಟು ನಿರಾಕರಿಸುವಂತಿಲ್ಲ ಎಂದಿತು. 1992ರಿಂದ ಶಾಲೆಗಳ ಪರೀಕ್ಷಾ ಫಲಿತಾಂಶಗಳು ಪತ್ರಿಕೆಗಳಲ್ಲಿ ಪಟ್ಟಿಯಾಗಿ ಪ್ರಕಟವಾಗತೊಡಗಿದವು. ಒಳ್ಳೆಯ ಹೆಸರಿನ ಶಾಲೆಗೆ ಅರ್ಜಿಗಳು ಹೆಚ್ಚಿದವು, ಸೀಟುಗಳು ಅಷ್ಟೇ ಉಳಿದವು. ಆಗ ಯಾರಿಗೆ ಕೊಡಬೇಕು? ಅಣ್ಣ ಅಕ್ಕಂದಿರು ಅಲ್ಲೇ ಓದುತ್ತಿರುವ ಮಕ್ಕಳು ಮೊದಲಾದವರಿಗೆ ಕೊಟ್ಟು ಉಳಿದ ಸೀಟುಗಳನ್ನು, ಅನೇಕ ಕಡೆ, ಶಾಲೆಗೆ ಅತಿ ಹತ್ತಿರದ ಮನೆಯ ಮಕ್ಕಳಿಗೆ ಕೊಡುವುದು ರೂಢಿಯಾಯಿತು.

ಮೇಲುನೋಟಕ್ಕೆ ಇದು ನ್ಯಾಯವೇ. ಆದರೆ ಹಣವಿದ್ದವರು ಶಾಲೆಯ ಪಕ್ಕದಲ್ಲೇ ಮನೆ ಕೊಳ್ಳಲು ಮುಂದಾದರು. ಸ್ಟೀಫನ್ ಗಿಬ್ಬನ್ಸ್ ಮತ್ತು ಸ್ಟೀಫನ್ ಮಚಿನ್ ಎಂಬ ಅರ್ಥಶಾಸ್ತ್ರಜ್ಞರು 2003ರ ಅಧ್ಯಯನದಲ್ಲಿ ಒಳ್ಳೆಯ ಪ್ರಾಥಮಿಕ ಶಾಲೆಯ ಹತ್ತಿರ ಮನೆಯ ಬೆಲೆ ಏರುವುದನ್ನು ತೋರಿಸಿದರು. ಅದೇ ಇಬ್ಬರು 2005ರಲ್ಲಿ, ಲಂಡನ್ನಿನಲ್ಲಿ ಹೊಸ ರೈಲು ನಿಲ್ದಾಣಗಳು ಬಂದ ಕಡೆ ಬೆಲೆ ಏರಿದ್ದನ್ನೂ ತೋರಿಸಿದರು. ಅಂದರೆ ಒಳ್ಳೆಯ ಶಾಲೆಯೂ ಬೇಕು, ರೈಲೂ ಹತ್ತಿರವಿರಬೇಕು ಎನ್ನುವವನು ಎರಡಕ್ಕೂ ಮನೆಯ ಬೆಲೆಯಲ್ಲಿ ದುಡ್ಡು ತೆರುತ್ತಾನೆ. ಶಾಲೆಯ ಬಾಗಿಲಲ್ಲಿ ಶುಲ್ಕವಿಲ್ಲ, ನಿಜ. ಆದರೆ ಅದು ಮನೆಯ ಬಾಗಿಲಿಗೆ ವರ್ಗವಾಗಿದೆ.

ಸುಳ್ಳು ವಿಳಾಸ ಕೊಡುವವರೂ ಹುಟ್ಟಿಕೊಂಡರು. 2008ರಲ್ಲಿ ದಕ್ಷಿಣ ಇಂಗ್ಲೆಂಡಿನ ಪೂಲ್ ನಗರದ ಆಡಳಿತ, ಒಂದು ಕುಟುಂಬ ನಿಜವಾಗಿ ಕೊಟ್ಟ ವಿಳಾಸದಲ್ಲಿದೆಯೇ ಎಂದು ತಿಳಿಯಲು ಸುಮಾರು ಮೂರು ವಾರ ಗುಟ್ಟಾಗಿ ಅವರ ಬೆನ್ನು ಹತ್ತಿತು. ಆ ಕುಟುಂಬದ ವಿಳಾಸ ನಿಜವೇ ಆಗಿತ್ತು. 2010ರಲ್ಲಿ ನ್ಯಾಯಮಂಡಳಿ ಈ ಬೇಹುಗಾರಿಕೆ ಕಾನೂನುಬಾಹಿರ ಎಂದಿತು. ಬ್ರೈಟನ್ ನಗರವಾದರೋ, ಸೀಟಿಗಿಂತ ಅರ್ಜಿ ಹೆಚ್ಚಾದಾಗ ವ್ಯಾಪ್ತಿ ಪ್ರದೇಶದೊಳಗೆ ಚೀಟಿ ಎತ್ತಿ ಸೀಟು ಕೊಡಲು 2007ರಲ್ಲಿ ತೀರ್ಮಾನಿಸಿತು. ಕೆಲವರು ಇದನ್ನು ಮೆಚ್ಚಿದರು. ಶಾಲೆಗಾಗಿಯೇ ದುಬಾರಿ ಮನೆ ಕೊಂಡಿದ್ದವರು ಸಿಟ್ಟಾದರು.

ಹೋದವರು ಮತ್ತು ಉಳಿದವರು

ಈಗ ಲಂಡನ್ನಿನ ಪೂರ್ವ ಭಾಗಕ್ಕೆ ಬರೋಣ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪೂರ್ವ ಯುರೋಪಿನಿಂದ ಓಡಿ ಬಂದ ಯಹೂದಿ ಕುಟುಂಬಗಳು ಇಲ್ಲಿ ನೆಲೆಸಿದವು. ಬಟ್ಟೆ ಹೊಲಿಯುವ ಕೆಲಸ ಹತ್ತಿರವಿತ್ತು, ಬೆಲ್ ಲೇನ್‌ನಲ್ಲಿ ಯಹೂದಿ ಉಚಿತ ಶಾಲೆ ಇತ್ತು. 1900ರ ಸುಮಾರಿಗೆ ಅಲ್ಲಿ 4 ಸಾವಿರಕ್ಕೂ ಹೆಚ್ಚು ಮಕ್ಕಳು ಓದುತ್ತಿದ್ದರು. ನಂತರದ ಪೀಳಿಗೆ ಸ್ವಲ್ಪ ಅನುಕೂಲವಾದೊಡನೆ, 1907ರಲ್ಲಿ ರೈಲು ತಲುಪಿದ ಗೋಲ್ಡರ್ಸ್ ಗ್ರೀನ್‌ನಂತಹ ಬಡಾವಣೆಗಳಿಗೆ ಹೊರಟುಹೋಯಿತು. ಎರಡನೇ ಮಹಾಯುದ್ಧದಲ್ಲಿ ಹಳೆಯ ಶಾಲಾ ಕಟ್ಟಡ ನಾಶವಾಯಿತು. 1958ರಲ್ಲಿ ಕ್ಯಾಮ್ಡನ್‌ನಲ್ಲಿ ಮತ್ತೆ ತೆರೆದ ಶಾಲೆ 2002ರಲ್ಲಿ ಕೆಂಟನ್‌ಗೆ ಹೋಯಿತು. ಜನ ಹೋದ ದಿಕ್ಕಿನಲ್ಲೇ ಶಾಲೆಯೂ ಹೋಯಿತು.

ಖಾಲಿಯಾದ ಅದೇ ಓಣಿಗಳಿಗೆ ಬಂದವರು ಬಾಂಗ್ಲಾದೇಶದ ಸಿಲ್ಹೆಟ್ ಕಡೆಯ ಕುಟುಂಬಗಳು. ಅವರಿಗೂ ಹೊಲಿಗೆಯ ಕೆಲಸ ಹತ್ತಿರವಿತ್ತು. ಆದರೆ 1980ರ ದಶಕದ ಕೊನೆಯಲ್ಲಿ ಟವರ್ ಹ್ಯಾಮ್ಲೆಟ್ಸ್ ಎಂಬ ಈ ಭಾಗದಲ್ಲಿ ನೂರಾರು ಮಕ್ಕಳಿಗೆ ಶಾಲೆಯಲ್ಲಿ ಸೀಟೇ ಇರಲಿಲ್ಲ. 1997ರಲ್ಲಿ ಇಂಗ್ಲೆಂಡಿನ 149 ಸ್ಥಳೀಯ ಶಿಕ್ಷಣ ಆಡಳಿತಗಳ ಪೈಕಿ ಟವರ್ ಹ್ಯಾಮ್ಲೆಟ್ಸ್‌ನ ಸ್ಥಾನ 149. ಇವರಲ್ಲಿ ಹೆಚ್ಚಿನವರಿಗೆ ಮನೆ ಬದಲಿಸುವ ಶಕ್ತಿಯಿರಲಿಲ್ಲ. ಬದಲಾಗಬೇಕಾದದ್ದು ಶಾಲೆಯೇ.

ಶಾಲೆ ಬದಲಾಯಿತು. ಸ್ಥಳೀಯ ಆಡಳಿತ ಪ್ರತಿ ಶಾಲೆಗೂ ಗುರಿ ಹಾಕಿಕೊಟ್ಟು ಬೆನ್ನುಹತ್ತಿತು. ಮನೆಯಲ್ಲಿ ಬಂಗಾಳಿ ಮಾತನಾಡುವ ಮಕ್ಕಳಿಗೆ ಇಂಗ್ಲಿಷ್ ಕಲಿಯಲು ವಿಶೇಷ ನೆರವು ಸಿಕ್ಕಿತು. ಶಾಲೆ ನಡೆಯುವ ದಿನಗಳಲ್ಲಿ ಮಕ್ಕಳನ್ನು ದೀರ್ಘಕಾಲ ಊರಿಗೆ ಕರೆದೊಯ್ಯಬೇಡಿ ಎಂದು ಮನವರಿಕೆ ಮಾಡಲು ಅಲ್ಲಿನ ಮಸೀದಿಯೂ ಶಾಲೆಗಳೊಂದಿಗೆ ಕೈಜೋಡಿಸಿತು. 2003ರಿಂದ 2011ರವರೆಗೆ ನಡೆದ "ಲಂಡನ್ ಚಾಲೆಂಜ್" ಯೋಜನೆಯಲ್ಲಿ ಅನುಭವಿ ಮುಖ್ಯೋಪಾಧ್ಯಾಯರು ಹಿಂದುಳಿದ ಶಾಲೆಗಳಿಗೆ ಮಾರ್ಗದರ್ಶಕರಾದರು. 2010ರ ದಶಕದ ಆರಂಭಕ್ಕೆ ಟವರ್ ಹ್ಯಾಮ್ಲೆಟ್ಸ್ ಮಕ್ಕಳ ಫಲಿತಾಂಶ ರಾಷ್ಟ್ರದ ಸರಾಸರಿಯನ್ನು ದಾಟಿತು. ಇದರಲ್ಲಿ ಯಾವ ಕ್ರಮದ ಪಾಲು ಎಷ್ಟು ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಬಡ ವಲಸಿಗರ ಮಕ್ಕಳು, ಮನೆ ಬದಲಿಸದೆ, ತಮ್ಮ ಓಣಿಯ ಸರ್ಕಾರಿ ಶಾಲೆಯಲ್ಲೇ ಓದಿ ಮುಂದೆ ಬಂದರು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ನಮಗೇನು ಪಾಠ?

ನೆರೆಹೊರೆಯ ಶಾಲೆ ಎಂಬ ಮಾತು ನಮ್ಮ ದೇಶಕ್ಕೂ ಹೊಸದಲ್ಲ. 1964–66ರ ಕೊಠಾರಿ ಆಯೋಗ ಒಂದು ಪ್ರದೇಶದ ಎಲ್ಲ ಮಕ್ಕಳೂ ಜಾತಿ, ಧರ್ಮ, ಅಂತಸ್ತಿನ ಭೇದವಿಲ್ಲದೆ ಅಲ್ಲಿನ ಶಾಲೆಯಲ್ಲೇ ಓದಬೇಕೆಂದು ಶಿಫಾರಸು ಮಾಡಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯಡಿ ಕೇಂದ್ರದ ಮಾದರಿ ನಿಯಮಗಳು ಒಂದರಿಂದ ಐದನೇ ತರಗತಿಗೆ 1 ಕಿಲೋಮೀಟರ್, ಆರರಿಂದ ಎಂಟಕ್ಕೆ 3 ಕಿಲೋಮೀಟರ್ ನಡಿಗೆಯ ದೂರದೊಳಗೆ ಶಾಲೆ ಇರಬೇಕೆಂದವು. ಖಾಸಗಿ ಶಾಲೆಗಳಲ್ಲಿ ಶೇಕಡಾ 25 ಸೀಟುಗಳ ಅವಕಾಶವೂ ಇದೇ ಕಾಯ್ದೆಯದು. ಕರ್ನಾಟಕದಲ್ಲಿ 2018ರ ಕೊನೆಯಲ್ಲಿ ನಿಯಮ ತಿದ್ದುಪಡಿಯಾಗಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟುಗಳು ಸಿಗದಂತಾಯಿತು. 2019ರಲ್ಲಿ ಹೈಕೋರ್ಟ್ ಇದನ್ನು ಎತ್ತಿಹಿಡಿಯಿತು. ಹೀಗಾಗಿ ನಮ್ಮ ಮಕ್ಕಳ ಭವಿಷ್ಯ ಮನೆಯ ಹತ್ತಿರದ ಸರ್ಕಾರಿ ಶಾಲೆಯ ಗುಣಮಟ್ಟಕ್ಕೆ ಇನ್ನಷ್ಟು ಗಟ್ಟಿಯಾಗಿ ಕಟ್ಟಿಕೊಂಡಿತು.

ಮನೆ ಬದಲಿಸಬಲ್ಲವರು ಬದಲಿಸಲಿ, ಅದು ತಪ್ಪಲ್ಲ. ಆದರೆ ಹೊರಡುವ ಮುನ್ನ ಹೆಚ್ಚುವ ಬಾಡಿಗೆ, ಅಡ್ವಾನ್ಸ್, ಬಸ್ಸಿನ ಖರ್ಚು, ತಂದೆ ಮಕ್ಕಳೊಂದಿಗೆ ಕಳೆಯುವ ಸಂಜೆಯ ಹೊತ್ತು ಎಲ್ಲವನ್ನೂ ಲೆಕ್ಕ ಹಾಕಲಿ. ಹೆಣ್ಣುಮಕ್ಕಳಿಗೆ 2023ರಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚು ತಪ್ಪಿತು. ಸಂಜೆ ಕತ್ತಲಾಗುವ ಮುನ್ನ ಮನೆ ಸೇರುವ ಬಸ್ಸು ಇದೆಯೇ ಎಂಬುದನ್ನೂ ನೋಡಬೇಕು. ಶಾಲೆ ದೂರ ಎಂಬ ಒಂದೇ ಕಾರಣಕ್ಕೆ ಓದು ಬಿಟ್ಟ ಹುಡುಗಿಯರನ್ನು ನಾನು ಪಾಠ ಮಾಡಿದ ತರಗತಿಗಳಲ್ಲೇ ಕಂಡಿದ್ದೇನೆ.

ಮನೆ ಬದಲಿಸಲಾಗದವರ ಪರವಾಗಿ ನಿಲ್ಲುವುದು ನಮ್ಮಂತಹ ಸಂಸ್ಥೆಯ ಕರ್ತವ್ಯ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ನಮ್ಮ ರಾಜ್ಯದಲ್ಲಿ 2001ರಿಂದಲೇ ಇವೆ. ಅವುಗಳ ಸಭೆಗೆ ನಮ್ಮಲ್ಲಿ ಎಷ್ಟು ಮಂದಿ ಹೋಗಿದ್ದೇವೆ? ಖಾಲಿ ಹುದ್ದೆ, ಮುರಿದ ಶೌಚಾಲಯ, ಗೈರುಹಾಜರಾದ ಮಗು ಇವುಗಳ ಬಗ್ಗೆ ಎಷ್ಟು ಬಾರಿ ವಿಚಾರಿಸಿದ್ದೇವೆ?

ಆ ಮೆಕ್ಯಾನಿಕ್ ಸೋದರರು ಕೊನೆಗೆ ಮನೆ ಬದಲಿಸಲಿಲ್ಲ. ನಾಲ್ಕಾರು ಪೋಷಕರನ್ನು ಕೂಡಿಕೊಂಡು ಗಣಿತ ಶಿಕ್ಷಕರಿಗಾಗಿ ಮನವಿ ಬರೆಸಲು ನನ್ನ ಬಳಿ ಬಂದರು. ಬರೆದುಕೊಟ್ಟೆ. ಮೂರು ಬಾರಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಅಲೆದ ಮೇಲೆ ಆಗಸ್ಟ್‌ನಲ್ಲಿ ಒಬ್ಬರು ಅತಿಥಿ ಶಿಕ್ಷಕರು ಬಂದರು. ಆ ಹುಡುಗಿ ಈಗ ಒಂಬತ್ತನೇ ತರಗತಿ. ಶಾಲೆಗೆ ನಡೆದೇ ಹೋಗುತ್ತಾಳೆ. ಕಾಯಂ ಶಿಕ್ಷಕರ ಹುದ್ದೆ ಇನ್ನೂ ಖಾಲಿಯೇ ಇದೆ. ನಾಲ್ಕನೇ ಮನವಿಗೆ ಈ ಬಾರಿ ನಮ್ಮ ಸಂಸ್ಥೆಯ ಸದಸ್ಯರೂ ಸಹಿ ಹಾಕಲಿ ಎಂಬುದು ನನ್ನ ಕೋರಿಕೆ.